ಅತ್ತೆಯ ಪಿಸ್ತೂಲಿಗೊಂದು ಕೆಂಪು ಚುಕ್ಕೆ

ನಮ್ಮ ಅತ್ತೆಗೆ ಗಂಡು ಹುಡುಕುವಾಗ ಅಜ್ಜ ಒಂದೇ ಒಂದು ಜಾತಕ ನೋಡಿ "ಆಗಬಹುದು" ಅಂದುಬಿಟ್ಟಿದ್ದರಂತೆ. ಅದೇ ಅತ್ತೆ, ಅಂದರೆ ನನ್ನ ಅಪ್ಪನ ಅಕ್ಕ, ಅರವತ್ತಾರನೆಯ ವಯಸ್ಸಿನಲ್ಲಿ ತಮ್ಮ ಪಿಸ್ತೂಲಿಗೆ ಹೊಂದುವ ಒಂದು ಕೆಂಪು ಚುಕ್ಕೆ ಹುಡುಕಲು ಹೊರಟು ಎಂಟು ತಿಂಗಳು ಇಡೀ ವಂಶವನ್ನೇ ಕುಣಿಸಿದರು!

ಪಿಸ್ತೂಲು ಅಂದ ಕೂಡಲೇ ಬೆಚ್ಚಿಬೀಳಬೇಡಿ. ಗಾಳಿಯ ಒತ್ತಡದಲ್ಲಿ ಕಾಳುಮೆಣಸಿನಷ್ಟು ಸೀಸದ ಗುಂಡು ಹಾರಿಸುವ ಏರ್ ಪಿಸ್ತೂಲು ಅದು. ಅದಕ್ಕೆ ಲೈಸೆನ್ಸೂ ಬೇಡ. ಆದರೂ ಚುನಾವಣೆ ಬಂದು ಊರವರೆಲ್ಲ ತಮ್ಮ ಕೋವಿಗಳನ್ನು ಠಾಣೆಗೆ ಒಪ್ಪಿಸಲು ಹೋದರೆ ಅತ್ತೆಯೂ ಸಾಲಿನಲ್ಲಿ ನಿಲ್ಲುತ್ತಾರೆ. "ಅಮ್ಮಾ, ಇದನ್ನ ಕೊಡೋದು ಬೇಡ" ಎಂದು ಪೊಲೀಸರು ಹೇಳಿದರೆ "ಎಂತಕ್ಕೆ? ನಂದೇನು ಆಟದ ಸಾಮಾನಾ?" ಎಂದು ರೇಗಿ, ರಸೀದಿ ಬರೆಸಿಕೊಂಡೇ ಮನೆಗೆ ಬರುತ್ತಾರೆ.

ನರಸಿಂಹರಾಜಪುರದ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಮುದ್ರೆ ಒತ್ತಿದ ಕೈ ಅತ್ತೆಯದು. ಆ ಕೈ ಅಲ್ಲಾಡುವುದು ಅಂತಿಲ್ಲ. ನಿವೃತ್ತಿಯಾದ ಮೇಲೆ ಪಕ್ಕದ ಮನೆಯವರು ಮಂಗ ಹೆದರಿಸಲು ತಂದಿದ್ದ ಪಿಸ್ತೂಲನ್ನು "ಒಂಚೂರು ನೋಡಿ ಕೊಡ್ತೀನಿ" ಎಂದು ಇಸಕೊಂಡರು. ಇನ್ನೂ ನೋಡುತ್ತಿದ್ದಾರೆ! ಅಲ್ಲಿನ ಯುವಕ ಸಂಘವೊಂದು ಆಯುಧಪೂಜೆಯ ದಿನ ಗುರಿ ಹೊಡೆಯುವ ಸ್ಪರ್ಧೆ ಇಡುತ್ತದೆ. ಹತ್ತು ಮೀಟರು ದೂರದಲ್ಲಿ ದಾರಕ್ಕೆ ಕಟ್ಟಿದ ನಿಂಬೆಹಣ್ಣು, ಹೊಡೆದವರಿಗೆ ಸ್ಟೀಲಿನ ಕೊಡ. ಅತ್ತೆ ಸತತ ನಾಲ್ಕು ವರ್ಷ ನಾಲ್ಕು ಕೊಡ ಗೆದ್ದು ತಂದ ಮೇಲೆ ನಮ್ಮ ಬಳಗದಲ್ಲಿ ಯಾವ ಮದುವೆಗೂ ಕೊಡ ಕೊಳ್ಳುವ ಪ್ರಶ್ನೆಯೇ ಬಂದಿಲ್ಲ. ಕೆರೆಕಟ್ಟೆಯಿಂದ ಬರುವ ಮೀಸೆಯ ಹಿರಿಯರೊಬ್ಬರಂತೂ ಅತ್ತೆಯ ಹೆಸರು ಪಟ್ಟಿಯಲ್ಲಿದೆಯೇ ಎಂದು ಮೊದಲೇ ಫೋನು ಮಾಡಿ ವಿಚಾರಿಸಿಕೊಂಡು ಬಸ್ಸು ಹತ್ತುತ್ತಾರೆ.

ಐದನೆಯ ವರ್ಷ ನಿಂಬೆಹಣ್ಣು ಅಲ್ಲಾಡಲೇ ಇಲ್ಲ. ಮೂರು ಗುಂಡು ಹೊಡೆದರು, ಮೂರೂ ಹಿಂದಿನ ಮರಳು ಚೀಲಕ್ಕೆ ಹೋದವು. ಶಿವಮೊಗ್ಗದ ಕಣ್ಣಿನ ಡಾಕ್ಟರು ನೋಡಿ, "ಬಲಗಣ್ಣಿನ ಒಳಪರದೆ ನಡುವಿನಲ್ಲಿ ಸವೆದಿದೆ, ಕನ್ನಡಕ ಬದಲಾಯಿಸಿ ಪ್ರಯೋಜನವಿಲ್ಲ, ಗುರಿ ಹೊಡೆಯುವುದೆಲ್ಲ ಇನ್ನು ಸಾಕು" ಅಂದರು. ಎಡಗಣ್ಣು ಹುಟ್ಟಿನಿಂದಲೂ ಮಂದ. ಬೇರೆಯವರಾಗಿದ್ದರೆ ಅಳುತ್ತಿದ್ದರೋ ಏನೋ. ಅತ್ತೆ ಆಸ್ಪತ್ರೆಯ ಮೆಟ್ಟಿಲು ಇಳಿಯುತ್ತಲೇ, "ಆ ಡಾಕ್ಟರು ಯಾವತ್ತಾದ್ರೂ ನಿಂಬೆಹಣ್ಣು ಹೊಡೆದಿದಾರೇನೇ?" ಎಂದು ನನ್ನನ್ನು ಕೇಳಿದರು. ಮುಂದಿನ ಆಯುಧಪೂಜೆಗೆ ಹೊಡೆದೇ ತೀರುವುದೆಂದು ಅಲ್ಲೇ ತೀರ್ಮಾನವಾಯಿತು.

ಅದಕ್ಕೆ ಅವರು ಕಂಡುಕೊಂಡ ದಾರಿಯೇ ರೆಡ್ ಡಾಟ್ ಸೈಟು, ಅಂದರೆ ಗುರಿ ಹಿಡಿಯುವ ಸಾಧನ. ಪಿಸ್ತೂಲಿನ ನೆತ್ತಿಗೆ ಕೂರಿಸುವ ಬೆಂಕಿಪೊಟ್ಟಣದಷ್ಟು ಯಂತ್ರ, ಅದರ ಗಾಜಿನಲ್ಲೊಂದು ಕೆಂಪು ಚುಕ್ಕೆ. ಪಿಸ್ತೂಲಿನ ಹಿಂದಿನ ಕಚ್ಚು, ಮುಂದಿನ ಮೊಳೆ, ಆಚೆಯ ಹಣ್ಣು ಮೂರನ್ನೂ ಒಂದೇ ಗೆರೆಗೆ ತರುವ ಕಷ್ಟವಿಲ್ಲ. ಚುಕ್ಕೆಯನ್ನು ಹಣ್ಣಿನ ಮೇಲಿಟ್ಟು ಟ್ರಿಗರ್ ಎಳೆದರಾಯಿತು! ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಜೆರಾಕ್ಸ್, ಆನ್‌ಲೈನ್ ಅರ್ಜಿಯ ಅಂಗಡಿಯಿದೆ. ಪಹಣಿ, ಆಧಾರ್ ತಿದ್ದುಪಡಿಗೆ ಬಂದವರನ್ನೆಲ್ಲ ಪಕ್ಕಕ್ಕೆ ಸರಿಸಿ ಅತ್ತೆ ಎದುರು ಕೂತರು. "ಒಳ್ಳೇದು ನೋಡಿ ಆರ್ಡರ್ ಹಾಕು ಮಾರಾಯ್ತಿ." ನೋಡಲು ಚೆನ್ನಾಗಿದ್ದುದನ್ನೇ ಹಾಕಿದೆ. ತಪ್ಪಾಗಿದ್ದು ಅಲ್ಲೇ.

ಬಂದ ಸೈಟನ್ನು ಪಿಸ್ತೂಲಿಗೆ ಕಚ್ಚಿಸುವ ಕಾಲು ಅಗಲ, ಪಿಸ್ತೂಲಿನ ನೆತ್ತಿ ಸಪೂರ. ಎತ್ತಿನ ಬೆನ್ನಿನ ಗಾದಿಯನ್ನು ಆಡಿಗೆ ಕಟ್ಟಿದ ಹಾಗಾಯಿತು. ವಾಪಸು ಕಳಿಸೋಣ ಅಂದರೆ ಕೇಳಬೇಕಲ್ಲ? ಸೈಕಲ್ ಟ್ಯೂಬು ಕತ್ತರಿಸಿ ಬಿಗಿದು ಕಟ್ಟಿ, ಒಂದು ಗುಂಡು ಹಾರಿಸಿದರು. ಪಿಸ್ತೂಲು ಒದೆದ ಒದೆತಕ್ಕೆ ಸೈಟು ಚಂಗನೆ ನೆಗೆದು, ದೋಸೆಗೆ ನೆನೆಹಾಕಿದ್ದ ಅಕ್ಕಿಯ ಪಾತ್ರೆಗೆ ಬಿತ್ತು. ಸೈಟು ಸಾಯಲಿಲ್ಲ, ನೀರಿನೊಳಗಿಂದಲೂ ಕೆಂಪಗೆ ಮಿನುಗುತ್ತಿತ್ತು. "ನೋಡಿದ್ಯಾ, ಎಷ್ಟು ಗಟ್ಟಿ ಮಾಲು!" ಎಂದರು ಅತ್ತೆ. ಆ ಅಕ್ಕಿಯಲ್ಲೇ ದೋಸೆಯನ್ನೂ ಹೊಯ್ದರು.

ಅಲ್ಲಿಂದ ಮುಂದೆ ಅಳತೆಯ ಹುಚ್ಚು ಹಿಡಿಯಿತು. ಪಿಸ್ತೂಲಿಗೆ ಹನ್ನೊಂದು ಮಿಲಿಮೀಟರು, ಸೈಟಿನ ಕಾಲಿಗೆ ಇಪ್ಪತ್ತರ ಮೇಲೆ. ಇದೇ ಮಾತು ಕೂತರೂ ನಿಂತರೂ. ಶೃಂಗೇರಿಗೆ ಕರೆದುಕೊಂಡು ಹೋದಾಗ ಶಾರದೆಯ ಎದುರು ಕಣ್ಣುಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು. ಸ್ತೋತ್ರವಿರಬೇಕೆಂದು ಕಿವಿಗೊಟ್ಟರೆ, "ಹನ್ನೊಂದು ತಾಯೀ, ಇಪ್ಪತ್ತಲ್ಲ!"

ಎರಡಕ್ಕೂ ನಡುವೆ ಹೊಂದಿಕೆಯಾಗುವ ಒಂದು ಕಬ್ಬಿಣದ ತುಂಡು ಮಾಡಿಸಿದರೆ ಆದೀತೆಂದು ಕೊನೆಗೆ ಗೊತ್ತಾಯಿತು. ಕೊಪ್ಪದಲ್ಲಿ ನನ್ನ ಅಂಗಡಿಯ ಹಿಂದೆಯೇ ಲೇತ್ ಇದೆ. ಲೇತಿನ ಯಜಮಾನ "ಪಿಸ್ತೂಲಿನ ನೆತ್ತಿಯ ಆಕಾರ ಬೇಕು" ಅಂದ. ಬಸ್ಸಿನಲ್ಲಿ ಪಿಸ್ತೂಲು ತರಲು ಅತ್ತೆಗೆ ಮರ್ಯಾದೆಯ ಪ್ರಶ್ನೆ. ಅದು ಹಲಸಿನ ಹಪ್ಪಳದ ಕಾಲ. ಅತ್ತೆ ಏನು ಮಾಡಿದರು ಗೊತ್ತೇ? ಹಪ್ಪಳಕ್ಕೆ ಕುಟ್ಟಿದ ಹಿಟ್ಟಿನಲ್ಲಿ ಒಂದು ಉಂಡೆ ತೆಗೆದು, ಪಿಸ್ತೂಲನ್ನು ತಲೆಕೆಳಗಾಗಿ ಒತ್ತಿ ಅಚ್ಚು ತೆಗೆದು, ಮೂರು ದಿನ ಬಿಸಿಲಿಗಿಟ್ಟು ಒಣಗಿಸಿ, ಬಾಳೆಲೆಯಲ್ಲಿ ಸುತ್ತಿ ತಂದರು!

ಲೇತಿನವ ಅದನ್ನು ಆಚೆ ಈಚೆ ತಿರುಗಿಸಿ ನೋಡಿದ. "ಅಮ್ಮಾ, ಇದನ್ನ ಲೇತಿಗೆ ಹಾಕೋದಾ, ಎಣ್ಣೆಗೆ ಹಾಕೋದಾ?"

"ಹೇಳಿದಷ್ಟು ಮಾಡು ಮಾರಾಯ."

ಅವನು ಮಳೆಗಾಲವಿಡೀ ಇವತ್ತು ನಾಳೆ ಎಂದು ಸತಾಯಿಸಿ, ಅಚ್ಚಿಗೆ ಸರಿಯಾಗಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ತುಂಡು ಮಾಡಿಕೊಟ್ಟ. ಅದು ಪಿಸ್ತೂಲಿನ ಮೇಲೆ ಕೂರಲೇ ಇಲ್ಲ. ಎಲ್ಲಿ ಕೂರುತ್ತದೆ? ಒಣಗಿದ ಹಪ್ಪಳ ಕುಗ್ಗದೆ ಇರುತ್ತದೆಯೇ? ನಲವತ್ತು ವರ್ಷ ಹಪ್ಪಳ ಮಾಡಿದವರಿಗೆ ಈ ಒಂದು ಸಂಗತಿ ಅದು ಹೇಗೆ ಮರೆತುಹೋಯಿತೋ! ಮತ್ತೆ ಕೊಪ್ಪಕ್ಕೆ ಬಂದು ಲೇತಿನವನ ಮೇಲೆ ಹರಿಹಾಯ್ದರು. "ನಾ ಅಳತೆ ತಪ್ಪಿಲ್ಲಮ್ಮ. ನಿಮ್ಮ ಹಪ್ಪಳ ಸೊರಗಿದ್ದಕ್ಕೆ ನಾನೆಂತ ಮಾಡ್ಲಿ?" ಎಂದು ಅವನು ಕೈ ಒರೆಸಿಕೊಂಡ.

"ಬಿಟ್ಟುಬಿಡಿ ಅತ್ತೆ, ಸಾಕು" ಅಂದೆ.

"ನೀ ಬಾಯಿಮುಚ್ಕೊಂಡು ಕೂತ್ಕೊ" ಅಂದರು.

ಮಾರನೆಯ ದಿನವೇ ಮರ್ಯಾದೆಯನ್ನು ಮನೆಯಲ್ಲಿಟ್ಟು, ಪಿಸ್ತೂಲನ್ನು ಬುತ್ತಿಚೀಲದಲ್ಲಿಟ್ಟು ಬಸ್ಸು ಹತ್ತಿದರು. "ಎಂತಮ್ಮಾ, ಇಷ್ಟು ಗಟ್ಟಿ ಹಿಡ್ಕೊಂಡಿದೀರಿ?" ಎಂದು ಕಂಡಕ್ಟರ್ ಕೇಳಿದನಂತೆ. ಸುಳ್ಳು ಹೇಳಿ ಅಭ್ಯಾಸವಿಲ್ಲ ನೋಡಿ. "ಪಿಸ್ತೂಲು" ಅಂದರು. ಇಡೀ ಬಸ್ಸು ಬಿದ್ದು ಬಿದ್ದು ನಕ್ಕಿತಂತೆ. ಕಂಡಕ್ಟರ್ ನಕ್ಕು ಸುಸ್ತಾಗಿ, ಮುಂದಿನ ಸೀಟು ಖಾಲಿ ಮಾಡಿಸಿ ಕೂರಿಸಿದನಂತೆ. ಈ ಸಲ ತುಂಡು ಸರಿಯಾಗಿ ಬಂತು, ಸೈಟು ಕಚ್ಚಿಕೊಂಡು ಕೂತಿತು. ಆಯುಧಪೂಜೆಗೆ ಇನ್ನು ಹನ್ನೆರಡು ದಿನವಿತ್ತು.

ಭಾನುವಾರ ನನ್ನನ್ನು ಕರೆಸಿಕೊಂಡರು. ತಾರಸಿಯ ಒಂದು ತುದಿಯಲ್ಲಿ ಮರಳು ಚೀಲ, ಅದರ ಎದುರು ದಾರದಲ್ಲಿ ನಿಂಬೆಹಣ್ಣು. ಅತ್ತೆ ಕೈ ಚಾಚಿ ನಿಂತರು. ಆ ಕೈ ನಿಜಕ್ಕೂ ಕಲ್ಲಿನ ಹಾಗೆ ನಿಂತಿತ್ತು. ಆದರೆ ಗುಂಡು ಹಾರಲಿಲ್ಲ. ಇಳಿಸಿದರು, ಗಾಜು ಒರೆಸಿದರು, ಮತ್ತೆ ಎತ್ತಿದರು.

"ಮೋಸ ಮಾಡಿದಾರೆ ಕಣೆ. ಚುಕ್ಕೆ ಸರಿ ಇಲ್ಲ. ಬೆವರಿಗೆ ಕುಂಕುಮ ಇಳಿದ ಹಾಗೆ ಹರಡ್ಕೊಂಡಿದೆ. ನಡುವೆ ಎಂತದೂ ಇಲ್ಲ. ನೀನು ನೋಡು."

ನೋಡಿದೆ. ಚುಕ್ಕೆ ಸಾಸಿವೆಯ ಹಾಗೆ ದುಂಡಗೆ, ಸ್ಪಷ್ಟವಾಗಿ ನಿಂಬೆಹಣ್ಣಿನ ನಡುವೆ ಕೂತಿತ್ತು. ಎಂಟು ತಿಂಗಳು ನಾವು ಪಿಸ್ತೂಲಿಗೂ ಸೈಟಿಗೂ ಹೊಂದಿಸುತ್ತಲೇ ಇದ್ದೆವು. ಸೈಟಿಗೂ ಕಣ್ಣಿಗೂ ಹೊಂದಬೇಕೆನ್ನುವುದು ಯಾರಿಗೂ ಹೊಳೆದಿರಲಿಲ್ಲ.

"ಹೌದು ಅತ್ತೆ, ಹರಡಿದೆ" ಅಂದೆ.

ಅತ್ತೆ ನನ್ನ ಮುಖವನ್ನೇ ನೋಡಿದರು. "ಫೋನಲ್ಲಿ ಫೋಟೋ ತೆಗಿ. ಫೋನಿಗೆ ಸುಳ್ಳು ಹೇಳಕ್ಕೆ ಬರಲ್ಲ."

ತೆಗೆದುಕೊಟ್ಟೆ. ಅದನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ, ಕತ್ತು ಓರೆ ಮಾಡಿ, ಕಣ್ಣಿನ ಅಂಚಿನಿಂದ ಬಹಳ ಹೊತ್ತು ನೋಡಿದರು. ಆಮೇಲೆ ಫೋನು ನನ್ನ ಕೈಗಿಟ್ಟು, "ದುಂಡಗಿದೆ" ಅಂದರು. ಅಷ್ಟೇ. ಸೆರಗಿನಿಂದ ಮುಖ ಒರೆಸಿಕೊಂಡು, ಆ ಕಡೆ ತಿರುಗಿದರು. ಇಷ್ಟು ದಿನ ಇವರ ಹುಚ್ಚನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದೆನಲ್ಲ, ನನ್ನ ಮೇಲೆ ನನಗೇ ಸಿಟ್ಟು ಬಂತು.

ಈ ಕಡೆ ತಿರುಗಿದಾಗ ಅತ್ತೆಯ ಮುಖದಲ್ಲಿ ಅದೇ ಹಟವಿತ್ತು. ಪಿಸ್ತೂಲನ್ನು ನನ್ನ ಕೈಗೆ ತುರುಕಿದರು.

"ಹಿಡಿ. ಇದಕ್ಕೆ ನಿನ್ನ ಕಣ್ಣು ಹೊಂದತ್ತೆ. ಹೆಸರು ಕೊಡಕ್ಕೆ ಇನ್ನೂ ಟೈಮಿದೆ."

"ಅತ್ತೆ, ನನಗೆ ಎಂತ ಬರತ್ತೆ? ನಾನು ಕೇರಂ ಕಾಯಿನ್ ಕೂಡ ಸರಿಯಾಗಿ ಹೊಡೆದವಳಲ್ಲ!"

"ಕೈ ನಾನು ಕಲಿಸ್ತೀನಿ. ಕಣ್ಣು ಮಾತ್ರ ನೀನು ಕೊಡು."

ನನ್ನ ಹಿಂದೆ ಬಂದು ನಿಂತು ಮೊಣಕೈ ಕೆಳಗೆ ತಮ್ಮ ಅಂಗೈ ಇಟ್ಟರು. "ಭುಜ ಬಿಗಿ ಮಾಡ್ಬೇಡ. ಅರ್ಧ ಉಸಿರು ಬಿಡು. ಹಾಂ, ಹಾಗೆ. ಚುಕ್ಕೆ ಹಣ್ಣಿನ ಮೇಲೆ ಬಂತಾ?"

ಅವರ ಗಲ್ಲ ನನ್ನ ಭುಜಕ್ಕೆ ತಾಗಿತ್ತು. ಅದು ಒದ್ದೆಯಾಗಿತ್ತು.

"ಎಂತ ಕಾಯ್ತಿದೀಯೆ? ಚುಕ್ಕೆ ಬಂತಲ್ಲ, ಹೊಡಿ!"

ಹೇಗೆ ಹೊಡೆಯಲಿ? ನನಗೂ ಆಗ ಆ ಚುಕ್ಕೆ ದುಂಡಗೆ ಕಾಣುತ್ತಿರಲಿಲ್ಲ.