ಗುಂಡಿಗೆ ಬಿದ್ದ ವೀರರು

ನಮ್ಮೂರ ಗ್ರಂಥಾಲಯದಲ್ಲಿ ಕೂತವರು ನಗುವನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ. ಧನಗೆರೆ ಹತ್ತಿರದ ಈ ಪುಟ್ಟ ಗ್ರಂಥಾಲಯವನ್ನು ನೋಡಿಕೊಳ್ಳುವವಳು ನಾನು. ಹೋದ ವರ್ಷ ಕೊಳ್ಳೇಗಾಲದಿಂದ ನಾಲ್ಕು ಭಾಗದ ಒಂದು ಕಥೆ ತಿಂಗಳ ಮಟ್ಟಿಗೆ ಬಂತು. ನಡುನಡುವೆ ಚಿತ್ರಗಳಿರುವ ಹಗುರ ಕಾದಂಬರಿ, ಲೈಟ್ ನಾವೆಲ್ ಅಂತಾರಂತೆ. ರಾಕ್ಷಸರನ್ನು ಗೆಲ್ಲಲು ಹೊರಟ ನಾಲ್ವರು ವೀರರ ಕಥೆ. ಒಬ್ಬನ ಕತ್ತಿ ಒರೆಯಿಂದ ಈಚೆಗೇ ಬರುವುದಿಲ್ಲ. ಮಂತ್ರವಾದಿಗೆ ಅರ್ಧ ಮಂತ್ರ ಮರೆತಿದೆ. ವೈದ್ಯೆಗೆ ರಕ್ತ ಕಂಡರೆ ತಲೆಸುತ್ತು. ದಾರಿ ತೋರಿಸುವವನಿಗೆ ದಿಕ್ಕೇ ಗೊತ್ತಿಲ್ಲ.

ಪೇಪರ್ ನೋಡಲು ಇಬ್ಬರು ಮೂವರು ಬರುತ್ತಿದ್ದ ಕಡೆ ಬೆಂಚು ಸಾಲದಾಯಿತು. ನನಗೆ ಹಿಗ್ಗೋ ಹಿಗ್ಗು. ತಿಂಗಳಾದ ಮೇಲೆ ಪುಸ್ತಕ ವಾಪಸ್ ಹೋದರೆ ಬೆಂಚು ಮತ್ತೆ ಖಾಲಿಯಾಗುತ್ತದಲ್ಲ ಅನ್ನುವುದೊಂದೇ ಸಂಕಟ.

ಮೇಷ್ಟ್ರ ಪರಿಶೀಲನೆ

ನಿವೃತ್ತ ಹೆಡ್ ಮೇಷ್ಟ್ರೊಬ್ಬರು ಮುಖಪುಟ ನೋಡಿಯೇ ಮುಖ ಸಿಂಡರಿಸಿದರು. "ಇಂಥದ್ದನ್ನೆಲ್ಲಾ ಮಕ್ಕಳ ಕೈಗೆ ಕೊಡ್ತೀಯೇನಮ್ಮಾ? ತಾ ಇಲ್ಲಿ, ಪರಿಶೀಲನೆ ಮಾಡಿ ಹೇಳ್ತೀನಿ" ಎಂದು ಮೊದಲ ಭಾಗ ಒಯ್ದರು. ಮೂರನೆಯ ದಿನ ಬೆಳಿಗ್ಗೆ ನಾನು ಬೀಗ ತೆಗೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದರು.

"ಹೇಗಿದೆ ಸಾರ್?"

"ತೀರಾ ಕೆಟ್ಟದಮ್ಮಾ. ಎರಡನೇ ಭಾಗ ಇನ್ನೂ ಕೆಟ್ಟದಾಗಿರಬೇಕು, ಬೇಗ ಕೊಡು."

ವಾಚರ್ ನಗಲಿಲ್ಲ

ಹನೂರು ಕಡೆ ಕಾಡಿನ ಕ್ಯಾಂಪಿನಲ್ಲಿದ್ದು ಅರಣ್ಯ ಕಾಯುವ ವಾಚರ್ ಒಬ್ಬ ರಜೆಗೆ ಊರಿಗೆ ಬಂದಿದ್ದ. ರಾಕ್ಷಸನನ್ನು ಹಿಡಿಯಲು ಹೋದ ನಾಲ್ವರೂ ಇಡೀ ದಿನ ಕಾಡು ಸುತ್ತಿ, ಸಂಜೆಗೆ ತಾವು ಬೆಳಿಗ್ಗೆ ಹೊರಟ ಜಾಗಕ್ಕೇ ಬಂದು, ತಮ್ಮ ಹೆಜ್ಜೆಯನ್ನೇ ರಾಕ್ಷಸನ ಹೆಜ್ಜೆ ಎಂದುಕೊಂಡು ಮರ ಹತ್ತುವ ಪ್ರಸಂಗ ಓದುತ್ತಿದ್ದ. ಪಕ್ಕದವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರೆ ಇವನ ಮುಖ ಬಿಗಿದೇ ಇತ್ತು.

"ಯಾಕಪ್ಪಾ, ಚೆನ್ನಾಗಿಲ್ವಾ?" ಅಂದೆ.

"ಅದಲ್ಲ ಕಣಕ್ಕಾ" ಎಂದು ದನಿ ತಗ್ಗಿಸಿದ, "ಇದ್ನ ಬರ್ದೋನು ನಮ್ ಕ್ಯಾಂಪಿಗೆ ಯಾವಾಗ ಬಂದಿದ್ದ?"

ಕಷ್ಟದಲ್ಲಿ ನಿಲ್ಲಿಸಬಾರದು

ಕಣ್ಣು ಮಂಜಾದ ಅಜ್ಜಿಯೊಬ್ಬರು ದಿನಾ ಬಂದು ನನ್ನಿಂದ ಓದಿಸಿಕೊಂಡು ಕೇಳುತ್ತಿದ್ದರು. "ಗೆಲ್ಲೋರ್ ಕತೆ ಬೇಕಾದಷ್ಟು ಕೇಳಿವ್ನಿ ಕಣವ್ವಾ. ಇವು ನಮ್ಮನೆ ಮಕ್ಳು ಐಕಳಂಗವೆ. ಬೀಳ್ತವೆ, ಬಯ್ಕತವೆ, ಕಡಿಗೆ ಒಂದೇ ತಾವು ಕುಂತು ಉಣ್ತವೆ" ಅನ್ನುತ್ತಿದ್ದರು. ಆ ಮಾತು ಕೇಳಿದಾಗೆಲ್ಲ ನನಗೆ ಪುಸ್ತಕ ವಾಪಸ್ ಕಳಿಸಲು ಮನಸ್ಸೇ ಬರುತ್ತಿರಲಿಲ್ಲ.

ತಿಂಗಳು ತುಂಬಿದ ದಿನ ಕೊಳ್ಳೇಗಾಲದಿಂದ ಗ್ರಂಥಾಲಯದ ಅಧಿಕಾರಿಯೊಬ್ಬರು ಪುಸ್ತಕ ಒಯ್ಯಲು ಚೀಲ ಹಿಡಿದೇ ಬಂದರು. ಆಗ ಕಥೆಯಲ್ಲಿ ನಾಲ್ವರೂ ಆಳವಾದ ಗುಂಡಿಗೆ ಬಿದ್ದಿದ್ದರು. ನಾನು ಪುಸ್ತಕ ಮುಚ್ಚಲು ಹೋದರೆ ಅಜ್ಜಿ ಕೈ ಅಡ್ಡ ಹಿಡಿದರು.

"ಇರಿ ಸಾ! ಭಾರತ ಓದ್ಸುವಾಗ್ಲೂ ಕಷ್ಟ ಬಂದ್ ಜಾಗ್ದಲ್ಲಿ ನಿಲ್ಸಾಕಿಲ್ಲ ನಾವು. ಊರ್ಗೆ ಒಳ್ಳೇದಲ್ಲ. ಅವ್ರು ಮ್ಯಾಕ್ಕೆ ಬರ್ಲಿ, ಆಮ್ಯಾಕೆ ತಕಂಡೋಗಿ."

ಅಧಿಕಾರಿಗಳು ಯಳಂದೂರು ಕಡೆಯ ಅಗರ ಎಂಬ ಊರಿನವರು. ಅವರ ಮನೆಯಲ್ಲೂ ಅದೇ ಪದ್ಧತಿ. ಇಲ್ಲ ಅನ್ನಲಾಗದೆ, "ಆಗ್ಲಿ ಬಿಡಜ್ಜಿ, ಮೇಲೆ ಬರ್ಲಿ" ಎಂದು ಕೂತರು.

ಓದಿದೆ. ಕಾಪಾಡಲು ಬಂದ ಹಳ್ಳಿಯವನು ಹಗ್ಗ ಇಳಿಸಿದ, ಮೇಲಿನ ತುದಿ ಕಟ್ಟುವುದನ್ನೇ ಮರೆತಿದ್ದ. ಹಗ್ಗದ ಹಿಂದೆ ಅವನೂ ಬಿದ್ದ. ಮಂತ್ರವಾದಿ ಅರ್ಧ ಮಂತ್ರ ಹೇಳಿದ, ಗುಂಡಿ ಇನ್ನೂ ಎರಡಾಳು ಆಳವಾಯಿತು. ನಾನು ನೀರು ಕುಡಿಯಲು ನಿಲ್ಲಿಸಿದೆ. ಅಧಿಕಾರಿಗಳು, "ಕೊಡೀಮ್ಮಾ ಇಲ್ಲಿ" ಎಂದು ಕಿತ್ತುಕೊಂಡು ತಾವೇ ಓದತೊಡಗಿದರು, ಮಂತ್ರವಾದಿಯ ದನಿ ಬೇರೆ, ವೈದ್ಯೆಯ ದನಿ ಬೇರೆ ಮಾಡಿ. ಅಧ್ಯಾಯ ಮುಗಿಯಿತು, ಯಾರೂ ಮೇಲೆ ಬರಲಿಲ್ಲ. ಇನ್ನೊಂದು ಅಧ್ಯಾಯವೂ ಆಯಿತು.

ಅವರ ಡ್ರೈವರ್ ಬಾಗಿಲಲ್ಲಿ ಇಣುಕಿ, "ಸಾ, ಒತ್ತಾಯ್ತು. ಪುಸ್ತಕ ಗಾಡಿಗಿಡ್ಲಾ?" ಅಂದ.

"ಹೆಂಗಯ್ಯಾ ಇಡ್ತೀಯಾ? ಇನ್ನಿಬ್ರು ಬಿದ್ದು ಗುಂಡೀಲಿ ಈಗ ಏಳು ಜನ ಅವ್ರೆ!"

ಕೊನೆಗೆ ಅಧಿಕಾರಿಗಳೇ ರಿಜಿಸ್ಟರ್ ತರಿಸಿಕೊಂಡು, ವಾಪಸ್ ಪಡೆಯದಿರಲು ಕಾರಣ ಬರೆಯುವ ಜಾಗದಲ್ಲಿ ದುಂಡಗೆ ಬರೆದು ಸಹಿ ಹಾಕಿದರು: "ಸದರಿ ವೀರರು ಇನ್ನೂ ಗುಂಡಿಯಲ್ಲೇ ಇರುವುದರಿಂದ, ಅವರು ಮೇಲೆ ಬರುವವರೆಗೂ ಪುಸ್ತಕಗಳನ್ನು ಇಲ್ಲಿಯೇ ಉಳಿಸಿಕೊಳ್ಳತಕ್ಕದ್ದು."