ಅತ್ತೆಯ ಮಂಡಿಯೂ ನನ್ನ ಚಾಂಪಿಯನ್ ಪಟ್ಟವೂ

ಮನೆಯಲ್ಲಿ ನನ್ನ ರ‍್ಯಾಂಕ್ ಎಷ್ಟು ಎಂದು ದಯವಿಟ್ಟು ಕೇಳಬೇಡಿ. ಹೆಂಡತಿ, ಗ್ಯಾಸ್ ಸಿಲಿಂಡರ್ ತರುವವನು, ಹಾಲಿನವನು, ಪಕ್ಕದ ಮನೆಯ ಬೆಕ್ಕು, ಆಮೇಲೆ ನಾನು. ಆದರೆ ನಂಜನಗೂಡಿನಿಂದ ಟಿ. ನರಸೀಪುರದವರೆಗಿನ ಸಮಸ್ತ ಭೂಮಂಡಲದಲ್ಲಿ ನಾನು ಸತತ ಮೂವತ್ತೇಳು ವಾರ ನಂಬರ್ ಒನ್ ಕುಸ್ತಿ ಚಾಂಪಿಯನ್ ಆಗಿದ್ದವನು. ನಗಬೇಡಿ. (ನನ್ನ ಎದೆಯ ಸುತ್ತಳತೆ ಮೂವತ್ತೆರಡು ಇಂಚು ಎಂಬ ವಿಷಯ ಇಲ್ಲಿ ಅಪ್ರಸ್ತುತ.)

ನಮ್ಮದು ಗರಡಿಯಿಲ್ಲದ, ಮಣ್ಣಿಲ್ಲದ, ಯಾರೂ ಯಾರ ಮೈಯನ್ನೂ ಮುಟ್ಟದ ಕುಸ್ತಿ. 'ಕಪಿಲಾ ಕಾವೇರಿ ಕಲ್ಪನಾ ಕುಸ್ತಿ ಲೀಗ್' ಎಂದು ವಾಟ್ಸಾಪಿನಲ್ಲೊಂದು ಗ್ರೂಪು. ನಂಜನಗೂಡಿನವರು ಹನ್ನೊಂದು ಮಂದಿ, ನರಸೀಪುರದವರು ಹನ್ನೊಂದು ಮಂದಿ. ಪ್ರತಿಯೊಬ್ಬರೂ ಮನಸ್ಸಿನಲ್ಲೇ ಒಬ್ಬ ಪೈಲ್ವಾನನನ್ನು ಹುಟ್ಟಿಸಿ ಹೆಸರಿಟ್ಟಿರುತ್ತೇವೆ. ಶನಿವಾರ ಸಂಜೆ ಜೋಡಿ ಕಟ್ಟುತ್ತಾರೆ. ಜೋಡಿಯ ಇಬ್ಬರೂ ತಂತಮ್ಮ ಪೈಲ್ವಾನನ ಪರವಾಗಿ ಒಂದೊಂದು ನಿಮಿಷ ಎದುರಾಳಿಯನ್ನು ಬೈದು, ರೆಕಾರ್ಡ್ ಮಾಡಿ ಗ್ರೂಪಿಗೆ ಕಳಿಸಬೇಕು. ಯಾರ ಬೈಗುಳದಲ್ಲಿ ಖಾರ ಜಾಸ್ತಿಯೋ ಅವರಿಗೆ ವೋಟು. ಇಪ್ಪತ್ತೆರಡು ಮಂದಿಯೂ ಗುಟ್ಟಾಗಿ ವೋಟು ಹಾಕುತ್ತಾರೆ; ಜೋಡಿಯವರು ತಮಗೇ ಹಾಕಿಕೊಳ್ಳುವುದು ವಾಡಿಕೆ. ಭಾನುವಾರ ಬೆಳಿಗ್ಗೆ, ನರಸೀಪುರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಹೇಮಂತ್ ರ‍್ಯಾಂಕಿಂಗ್ ಪಟ್ಟಿ ಬಿಡುಗಡೆ ಮಾಡುತ್ತಾನೆ.

ನನ್ನ ಪೈಲ್ವಾನನ ಹೆಸರು 'ಕಪಿಲಾ ಸಿಡಿಲು'. ಎತ್ತರ ಆರೂವರೆ ಅಡಿ. ಅವನು ಗೆದ್ದ ಚಿನ್ನದ ಬೆಲ್ಟು (ರೆಕ್ಸಿನ್ ಮೇಲೆ ಚಿನ್ನದ ಬಣ್ಣ, ಬಳಿದವನು ನಾನೇ) ನನ್ನ ಪೈಪು ಮತ್ತು ನಲ್ಲಿ ಅಂಗಡಿಯ ಗೋಡೆಯಲ್ಲಿ ನೇತಾಡುತ್ತಿತ್ತು.

"ರೀ, ಇಲ್ದೇ ಇರೋ ಕುಸ್ತೀಲಿ ಇಲ್ದೇ ಇರೋ ಪೈಲ್ವಾನ ಗೆದ್ದ ಅಂತ ಇರೋ ಕೆಲ್ಸ ಬಿಟ್ಟು ಕುಣೀತೀರಲ್ರೀ" ಎನ್ನುತ್ತಿದ್ದಳು ನನ್ನ ಹೆಂಡತಿ ಪವಿತ್ರ. ಕಲೆಯ ಬೆಲೆ ಅವಳಿಗೇನು ಗೊತ್ತು!

ಹೀಗಿರುವಾಗ ನಮ್ಮತ್ತೆ ಸಿದ್ದಲಿಂಗಮ್ಮನವರು ಮೂಗೂರಿನಿಂದ ನಮ್ಮ ಮನೆಗೆ ಬಂದರು. ಬಂದರು ಎನ್ನುವುದಕ್ಕಿಂತ ತರಲಾಯಿತು ಎನ್ನಬೇಕು. ಮೈಸೂರಿನಲ್ಲಿ ಮಂಡಿಯ ಆಪರೇಷನ್ ಆಗಿತ್ತು. ಮನೆಗೇ ಬಂದು ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಯ ಹುಡುಗಿ ಭಾನುಪ್ರಿಯಾ ಮೊದಲ ದಿನವೇ ಹೇಳಿದಳು: "ಅಜ್ಜೀ, ಈ ಎರಡು ತಿಂಗಳು ನಡೆದ್ರೆ ಮಂಡಿ ನಿಮ್ದು. ಮಲಗಿದ್ರೆ ಮಂಡಿ ಮಂಚದ್ದು."

ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ಒಂದು ದಿನವಲ್ಲ, ಹನ್ನೊಂದು ದಿನ. ಮಾತಿಲ್ಲ, ಕತೆಯಿಲ್ಲ. ತಟ್ಟೆಯಲ್ಲಿಟ್ಟ ಮುದ್ದೆ ಹಾಗೇ ವಾಪಸು ಬರುತ್ತಿತ್ತು. ಪವಿತ್ರ ಒಲೆಯ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು.

ನಮ್ಮತ್ತೆಯ ಬಾಯಿಯ ಪ್ರತಾಪ ತಿಳಿದವರಿಗೆ ಮಾತ್ರ ಈ ಮೌನದ ಭೀಕರತೆ ಅರ್ಥವಾಗುತ್ತದೆ. ಮೂಗೂರಿನ ಅವರ ಬೀದಿಯಲ್ಲಿ ಪರರ ಬೇಲಿಗೆ ಬಾಯಿ ಹಾಕುವ ಮುನ್ನ ಎಮ್ಮೆಗಳು ಕೂಡ ಒಮ್ಮೆ ಹಿಂದೆ ತಿರುಗಿ ನೋಡುತ್ತವೆ. ಆದರೆ ಅಳಿಯನಾದ ನನಗೆ ಮಾತ್ರ ಹತ್ತೊಂಬತ್ತು ವರ್ಷದಲ್ಲಿ ಒಂದು ಬಿರುನುಡಿಯನ್ನೂ ಆಡಿದವರಲ್ಲ. ನನ್ನನ್ನು ಕಂಡರೆ ತಲೆಯ ಮೇಲೆ ಸೆರಗು. ಮಾತೇನಿದ್ದರೂ ಮಗಳ ಮೂಲಕ: "ಅಳಿಯಂದ್ರು ಉಂಡ್ರಾ ಕೇಳವ್ವ." ಅಂಥ ಹೆಂಗಸು ಗೋಡೆ ನೋಡುತ್ತಾ ಮಲಗಿದ್ದನ್ನು ಕಂಡು ನನಗೂ ನೋವಾಗುತ್ತಿತ್ತು, ಸುಳ್ಳು ಹೇಳುವುದಿಲ್ಲ.

ಹನ್ನೆರಡನೆಯ ದಿನ ಶನಿವಾರ. ನನ್ನ ಜೋಡಿ ನರಸೀಪುರದ ಬಸ್ ಕಂಡಕ್ಟರ್ ರಾಜೇಂದ್ರನ 'ಸಂಗಮದ ಸರ್ಪ'. ನಾನು ಹಜಾರದಲ್ಲಿ ನಿಂತು ಅಭ್ಯಾಸ ಶುರು ಮಾಡಿದೆ: "ಎಲವೋ ಸಂಗಮದ ಸರ್ಪವೇ! ನಿನ್ನ ವಿಷದಂತಗಳನ್ನು ಕಿತ್ತು ಕಂಠಾಭರಣವಾಗಿ ಧರಿಸುವೆನು!"

ಒಳಗಿನ ಕೋಣೆಯಿಂದ ಒಂದು ಕ್ಷೀಣ ಸ್ವರ ಬಂತು. "ಪವಿತ್ರಾ, ಅಳಿಯಂದ್ರು ಯಾರ್ದಾರ ಲಗ್ನಪತ್ರ ಓದ್ತಾವ್ರಾ?"

ಪವಿತ್ರಳ ಕೈಯಿಂದ ಸೌಟು ಬಿತ್ತು. "ಇಲ್ಲ ಕಣವ್ವ, ಬಯ್ತಾವ್ರೆ!"

"ಇದಾ? ಇದೂ ಒಂದು ಬಯ್ಯದಾ? ಅವ್ನು ಆವಾದ್ರೆ ಉತ್ತದಲ್ಲಿರ್ಲಿ. 'ನನ್ ಬಟ್ಟೆ ಒಗಿಯ ಕಲ್ ತಾವ ಯಾಕ್ಲಾ ತೆವುಳ್ಕ ಬಂದೆ ಎರೆಉಳಾ' ಅನ್ಬೇಕು ಅಂತ ಯೋಳು."

ಪವಿತ್ರ ಹೇಳುವ ಅಗತ್ಯವಿರಲಿಲ್ಲ. ಅದನ್ನೇ ಅಂದೆ, ಹದಿನೆಂಟು ವೋಟಿನಿಂದ ಗೆದ್ದೆ. ಸರ್ಪದ ಒಡೆಯ ರಾಜೇಂದ್ರನನ್ನು ಅಂದಿನಿಂದ ಡಿಪೋದಲ್ಲಿ ಎರೆಹುಳ ಎಂದೇ ಕರೆಯುತ್ತಾರಂತೆ.

ಆಗ ನನ್ನ ತಲೆಯಲ್ಲಿ ಒಂದು ದಿವ್ಯ ಯೋಚನೆ ಮಿಂಚಿತು. ಲೀಗಿನಲ್ಲಿ ಒಂದು ಜಾಗ ಖಾಲಿಯಾಗಿತ್ತು (ಒಬ್ಬ ಸದಸ್ಯನ ಫೋನು ಅವನ ಹೆಂಡತಿಯ ಕೈಗೆ ಸಿಕ್ಕಿತ್ತು, ಹೆಚ್ಚು ಹೇಳಲಾರೆ). ಹೇಮಂತನಿಗೆ ಮಾತ್ರ ಗುಟ್ಟು ಹೇಳಿ, 'ಮೂಗೂರು ಮುಸುಕು' ಎಂಬ ಹೆಸರಿನಲ್ಲಿ ಅತ್ತೆಯನ್ನು ಇಪ್ಪತ್ತೆರಡನೆಯ ರ‍್ಯಾಂಕಿಗೆ ಸೇರಿಸಿಬಿಟ್ಟೆ.

ಮುಂದಿನ ಶನಿವಾರ ಪವಿತ್ರ ಮಂಚದ ಬಳಿ ಫೋನು ಹಿಡಿದಳು. ಅತ್ತೆ ಬಾಯಿ ತೆರೆದು, ಮುಚ್ಚಿದರು.

"ಮನಿಕ್ಕಂಡು ಬೈದ್ರೆ ನರಳಾಡ್ದಂಗೆ ಕೇಳ್ತದೆ ಕಣವ್ವ. ಬಯ್ಯಕೆ ನಿಂತ್ಕಬೇಕು. ಎಲ್ಲದೆ ಆ ಕಬ್ಬುಣದ್ದು?"

ಕಬ್ಬಿಣದ್ದು ಎಂದರೆ ವಾಕರ್. ಭಾನುಪ್ರಿಯಾ ಇಷ್ಟು ದಿನ ಕೈಮುಗಿದು ಬೇಡಿದರೂ ಮುಟ್ಟದಿದ್ದ ಅದನ್ನು ಹಿಡಿದು ಅತ್ತೆ ಎದ್ದು ನಿಂತರು. ಒಂದು ಕೈ ವಾಕರಿನ ಮೇಲೆ, ಇನ್ನೊಂದು ಸೊಂಟದ ಮೇಲೆ. ಆ ವಾರ ಎದುರಾಳಿಗೆ ಬಿದ್ದದ್ದು ಮೂರೇ ವೋಟು.

ಎರಡನೆಯ ವಾರ, ನಿಂತು ಬೈದರೆ ಸಾಲದು, ಬೈಯುತ್ತಾ ಓಡಾಡಬೇಕು ಎಂದು ಅವರಿಗೇ ಅನ್ನಿಸಿತು. ಮೂರನೆಯ ವಾರದಿಂದ ಎರಡು ಮುದ್ದೆ ಉಣ್ಣತೊಡಗಿದರು, ಬೈಯಲು ತ್ರಾಣ ಬೇಡವೇ? ಬಿಡುವಿನ ದಿನಗಳಲ್ಲೂ ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಜಗಲಿಗೆ ತಾಲೀಮು ನಡೆಯಿತು. ರ‍್ಯಾಂಕು ಹದಿನೇಳು, ಒಂಬತ್ತು, ನಾಲ್ಕು ಎಂದು ಏರಿತು. ಇದ್ಯಾರೋ ನಾಟಕದ ಕಂಪನಿಯವನು ಹೆಣ್ಣಿನ ಗಂಟಲು ಮಾಡುತ್ತಿದ್ದಾನೆ ಎಂದು ನರಸೀಪುರದವರು ತೀರ್ಮಾನಿಸಿದರು. ಭಾನುಪ್ರಿಯಾ ಅಳತೆಪಟ್ಟಿ ಹಿಡಿದು ಮಂಡಿ ಮಡಿಸಿ ನೋಡಿ, "ಸಾರ್, ಯಾವ ಎಣ್ಣೆ ಹಚ್ತಿದ್ದೀರಾ?" ಎಂದಳು.

"ಎಣ್ಣೆಯಲ್ಲಮ್ಮಾ, ರ‍್ಯಾಂಕಿಂಗ್" ಎಂದೆ ನಾನು ಗಂಭೀರವಾಗಿ.

ಏಳನೆಯ ವಾರದ ಪಟ್ಟಿಯಲ್ಲಿ ಮೂಗೂರು ಮುಸುಕು ನಂಬರ್ ಎರಡು. ಮುಂದಿನ ಶನಿವಾರದ ಜೋಡಿ ಕಟ್ಟಿ ಹೇಮಂತ್ ಘೋಷಿಸಿಯೇಬಿಟ್ಟ: ಬೆಲ್ಟಿಗಾಗಿ ಕಪಿಲಾ ಸಿಡಿಲು ಮತ್ತು ಮೂಗೂರು ಮುಸುಕು!

ಪವಿತ್ರ ಅದನ್ನು ಓದಿ ಹೇಳಿದ ಕೂಡಲೇ ಅತ್ತೆ ವಾಕರನ್ನು ಅತ್ತ ತಳ್ಳಿ ಮಂಚದಲ್ಲಿ ಕೂತರು. "ಅಳಿಯಂದಿರ್ನ ಬಯ್ಯದಾ? ನನ್ ನಾಲ್ಗೆ ಬಿದ್ದೋಗಲ್ವಾ? ನನ್ ಕೈಲಾಗಕಿಲ್ಲ ಕಣವ್ವ."

ಸೋಮವಾರ ಏಳಲಿಲ್ಲ. ಮಂಗಳವಾರ ಏಳಲಿಲ್ಲ. ಗುರುವಾರ ಬಂದ ಭಾನುಪ್ರಿಯಾ ಮುಖ ಚಿಕ್ಕದು ಮಾಡಿಕೊಂಡು, ಮಂಡಿ ಮತ್ತೆ ಬಿಗಿಯುತ್ತಿದೆ, ಇನ್ನೊಂದು ವಾರ ಹೀಗೇ ಕೂತರೆ ಇಷ್ಟು ದಿನದ ಶ್ರಮ ನೀರಿನಲ್ಲಿ ಹೋಮ ಎಂದಳು. ನಾನು ಆಟ ಬಿಟ್ಟುಕೊಡುತ್ತೇನೆ ಎಂದರೆ ಅದಕ್ಕೂ ಅತ್ತೆ ಒಪ್ಪಲಿಲ್ಲ. ಆಡದೆ ಗೆಲ್ಲುವುದು ಅವರ ಜಾಯಮಾನವಲ್ಲವಂತೆ.

"ರೀ, ನಿಮ್ ಪಟ್ಟಕ್ಕೆ ಬೆಂಕಿ ಬೀಳ. ನಮ್ಮವ್ವ ಎದ್ದು ನಡೀಬೇಕು, ಏನಾದ್ರೂ ಮಾಡಿ" ಎಂದಳು ಪವಿತ್ರ. ಅವಳ ಕಣ್ಣು ಮತ್ತೆ ತುಂಬಿತ್ತು.

ನಾನು ಆ ಕ್ಷಣದಲ್ಲಿ ತ್ಯಾಗವೀರನಾದೆ. "ಬೇಕಂತಲೇ ಸಪ್ಪೆಯಾಗಿ ಬೈದು ಸೋಲ್ತೀನಿ. ಸಾಲದು ಅಂದ್ರೆ ನನ್ನ ವೋಟೂ ಅವರಿಗೇ. ಒಂದು ವೋಟಲ್ಲಿ ಗೆದ್ರು ಅಂತ ಆಗ್ಲಿ" ಎಂದೆ.

"ಸೋಲೋಕೆ ನೀವೇನೂ ಕಷ್ಟಪಡೋದ್ ಬೇಡ ಬಿಡಿ" ಎಂದಳು ಆಕೆ.

ಶನಿವಾರ ಸಂಜೆ ನನ್ನ ಸಪ್ಪೆ ಸವಾಲನ್ನು ಕಳಿಸಿ, ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತು, ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ನೇರವಾಗಿ ಮಾತಾಡಿದೆ. "ಅತ್ತೆ, ನೀವು ಬೈಯೋದು ನನ್ನನ್ನಲ್ಲ. ಕಪಿಲಾ ಸಿಡಿಲು ಅನ್ನೋ ಪೈಲ್ವಾನನ್ನ. ಅವನಿಗೂ ನನಗೂ ಯಾವ ಸಂಬಂಧವೂ ಇಲ್ಲ."

ಅತ್ತೆ ಮಗಳ ಮುಖ ನೋಡಿದರು. "ಅವ್ನು ನಮ್ಗೆ ಏನೂ ಆಗ್ಬೇಕಾಗಿಲ್ವಾ? ದೇವ್ರಾಣೆ ಮಾಡ್ತಾರಾ ಕೇಳವ್ವ."

"ನಂಜುಂಡೇಶ್ವರನಾಣೆ" ಎಂದೆ. (ಮೂರ್ಖ! ಮೂರ್ಖ!)

ಅತ್ತೆ ಸೆರಗನ್ನು ಎಳೆದು ತಲೆ ತುಂಬ ಹೊದ್ದರು. ಎದ್ದರು. ಪವಿತ್ರ ರೆಕಾರ್ಡ್ ಒತ್ತಿದಳು.

"ಲೇ ಸಿಡ್ಲು! ನಿನ್ನ ಆರೂವರೆ ಅಡಿ ಅಂತ ಅಳ್ದೋನ್ಯಾರ್ಲಾ? ಜಿರ್ಲೆ ಕಂಡ್ರೆ ಮಂಚ ಅತ್ತೋನಲ್ವಾ ನೀನು! ಊರ್ಗೆಲ್ಲ ನಲ್ಲಿ ಮಾರ್ತೀಯ, ನಿನ್ ಬಚ್ಚಲ್ ನಲ್ಲಿ ಮೂರ್ ವರ್ಸದಿಂದ ತೊಟ್ಟಿಕ್ತಾ ಅದೆ. ಅದ್ಕೊಂದು ವಾಷರ್ ಆಕಕಾಗ್ದೋನು ಆವಿನ್ ಅಲ್ಲು ಕೀಳ್ತೀಯಾ? ತಲ್ಗೆ ಬಣ್ಣ ಬಳ್ಕಂಡು ದಿಂಬೆಲ್ಲ ಕರ್ರಗೆ ಮಾಡಿ, ದಿಂಬೇ ಸರಿಯಿಲ್ಲ ಅಂತ ಎಡ್ತಿ ಮೇಲೆ ರೇಗ್ತೀಯಲ್ಲಾ! ಮೊದಲ್ನೇ ಉಗಾದಿಗೆ ಬಂದು ಅನ್ನೊಂದು ಒಬ್ಬಟ್ಟು ತಿಂದು, ಒಟ್ಟೆ ಇಡ್ಕಂಡು, 'ಒಬ್ಬಟ್ಟು ಸರ್ಯಾಗಿ ಬೆಂದಿಲ್ಲ' ಅಂದ್ಯಲ್ಲಾ! ಅತ್ತೊಂಬತ್ತು ವರ್ಸ ನುಂಗ್ಕಂಡಿವ್ನಿ ಕಣ್ಲಾ ಆ ಮಾತ್ನ! ಬಾ, ಇವತ್ತು ಬೇಯಿಸ್ತೀನಿ ನಿನ್ನ!"

ನಿಮಿಷ ಮುಗಿಯಿತು. ಅತ್ತೆ ಬೆವರೊರೆಸಿಕೊಂಡು, ಮೆತ್ತಗಿನ ದನಿಯಲ್ಲಿ, "ಅಳಿಯಂದ್ರು ಕಾಪಿ ಕುಡುದ್ರಾ ಕೇಳವ್ವ" ಎಂದರು.

ನಾವಿಬ್ಬರೂ ವಾಕರನ್ನು ನೋಡುತ್ತಿದ್ದೆವು. ಅದು ಮಂಚದ ತಲೆದೆಸೆಯಲ್ಲಿ ಒಂಟಿಯಾಗಿ ನಿಂತಿತ್ತು. ಅತ್ತೆ ಕೋಣೆಯ ಇನ್ನೊಂದು ತುದಿಯಲ್ಲಿ ಕಿಟಕಿಯ ಬಳಿ ಇದ್ದರು. ಸೊಂಟದ ಮೇಲೆ ಎರಡು ಕೈಗಳೂ ಇದ್ದವು. ಪವಿತ್ರ ಓಡಿಹೋಗಿ ಅವರನ್ನು ತಬ್ಬಿಕೊಂಡು ಅತ್ತಳು. ನನಗೂ ಅಳು ಬಂತು. ಅದರಲ್ಲಿ ಅರ್ಧ ಸಂತೋಷಕ್ಕೆ, ಇನ್ನರ್ಧ ಆ ರೆಕಾರ್ಡಿಂಗ್ ಆಗಲೇ ಗ್ರೂಪಿಗೆ ಹೋಗಿತ್ತು ಎಂಬುದಕ್ಕೆ.

ಮುಸುಕಿನೊಳಗೆ ಯಾರಿದ್ದಾರೆ ಎಂದು ಎರಡು ತಾಲ್ಲೂಕಿಗೂ ಅರ್ಥವಾಯಿತು. ಭಾನುವಾರ ಬೆಳಿಗ್ಗೆ ಫಲಿತಾಂಶ ಬಂತು: ಮುಸುಕಿಗೆ ಇಪ್ಪತ್ತೊಂದು, ಸಿಡಿಲಿಗೆ ಒಂದು. ಅತ್ತೆ ಹೊಸ ಚಾಂಪಿಯನ್. ಬೆಲ್ಟನ್ನು ತಾವೇ ಅಂಗಡಿಗೆ ನಡೆದು ಬಂದು ಇಳಿಸಿಕೊಂಡು ಹೋದರು. ಸೋಮವಾರದಿಂದ ಗಿರಾಕಿಗಳು "ವಾಷರ್ ಕೊಡಿ ಸಾ, ನಮ್ಗಲ್ಲ, ನಿಮ್ಗೇ" ಎನ್ನುತ್ತಾ ಬರತೊಡಗಿದರು.

ಇಷ್ಟರ ನಡುವೆಯೂ ಆ ಒಂದು ವೋಟು ನನ್ನನ್ನು ಬದುಕಿಸಿತ್ತು. ಕೊಟ್ಟ ಮಾತಿನಂತೆ ನನ್ನ ವೋಟನ್ನು ನಾನು ಅತ್ತೆಗೇ ಹಾಕಿದ್ದೆ. ಹಾಗಾದರೆ ಇಪ್ಪತ್ತೆರಡು ಮಂದಿಯಲ್ಲಿ ನನ್ನ ಕಲೆಯನ್ನು ಮೆಚ್ಚಿದ ಆ ಮಹಾರಸಿಕ ಯಾರು? ಹೇಮಂತನಿಗೆ ಫೋನು ಮಾಡಿದೆ.

"ಚಂದ್ರಣ್ಣ, ಅದು ನಿಮ್ಮತ್ತೇದೇ ಕಣಣ್ಣ" ಎಂದ.

ಯಾಕೆ ಎಂದು ಪವಿತ್ರಳ ಕೈಯಲ್ಲಿ ಕೇಳಿಸಿದೆ. ಅತ್ತೆ ಅಡುಗೆಮನೆಯಲ್ಲಿ ನಿಂತೇ ಒಗ್ಗರಣೆ ಹಾಕುತ್ತಿದ್ದರು. ನನ್ನ ನೆರಳು ಕಂಡದ್ದೇ ಸೆರಗು ತಲೆಗೇರಿತು.

"ಓಟ್ನ ಅಳಿಯಂದಿರ್ಗಲ್ದೆ ಇನ್ಯಾರಿಗವ್ವ ಆಕನ? ನಾಕ್ ಜನದ್ ಮುಂದೆ ಅವ್ರ ಮರ್ವಾದೆ ನಾವೇ ಕಾಪಾಡ್ದಿದ್ರೆ ಇನ್ಯಾರು ಕಾಪಾಡ್ತರು?"