ಅಪ್ಪಾಜಿಯ ಲೈವ್ ಪಿಚಿಂಗ್

ಕೋಲಿನ ಮೇಲೆ ಚೆಂಡಿಟ್ಟು ಹೊಡೆಸುವುದೂ ಒಂದು ತರಬೇತಿಯೇ? ಮಗಳು ಕೀರ್ತನಾಳ ಸಾಫ್ಟ್‌ಬಾಲ್ ಕೋಚ್ ಅದನ್ನೇ ಮಾಡಿಸುತ್ತಿದ್ದರು. ಭಾನುವಾರ ಹರಿಹರದಲ್ಲಿ ಜಿಲ್ಲಾ ತಂಡದ ಆಯ್ಕೆ. ಹೋದ ವರ್ಷ ಆಯ್ಕೆಯಾಗದೆ ಊಟ ಬಿಟ್ಟು ಕೂತಿದ್ದ ಹುಡುಗಿ ಅವಳು. ಹೆತ್ತ ಕರುಳು ಸುಮ್ಮನಿರುತ್ತದೆಯೇ?

"ಮ್ಯಾಚಿನಾಗ ಚೆಂಡನ್ನ ಕೋಲಿನ ಮ್ಯಾಲಿಟ್ಟು ಕೊಡ್ತಾರೇನು? ಎದುರಿಗೆ ನಿಂತು ನಾನೇ ಎಸೀತೀನಿ!" ಎಂದು ಘೋಷಿಸಿದೆ.

ಹೆಂಡತಿ ನೇತ್ರಾವತಿ ರೊಟ್ಟಿ ತಟ್ಟುತ್ತಲೇ ಕೇಳಿದಳು, "ನೀವಾ? ಕಸಾನೇ ಬುಟ್ಟಿಗೆ ಬೀಳಂಗೆ ಎಸಿಯಾಕ ಬರಲ್ಲ ನಿಮಗೆ."

"ಕಾಲೇಜಿನಾಗ ಫಾಸ್ಟ್ ಬೌಲರ್ ಇದ್ದೆ ನಾನು!"

"ಅದಕ್ಕೇ ನಿಮ್ ಕಾಲೇಜು ಒಂದ್ ಮ್ಯಾಚೂ ಗೆಲ್ಲಲಿಲ್ಲ ಬಿಡ್ರಿ."

ಎಂ.ಸಿ.ಸಿ. ಬಿ ಬ್ಲಾಕಿನ ನಮ್ಮ ಮನೆಯ ಪಕ್ಕದ ಖಾಲಿ ಸೈಟೇ ಕ್ರೀಡಾಂಗಣ. ಸಾಫ್ಟ್‌ಬಾಲಿನಲ್ಲಿ ತೋಳನ್ನು ಗಿರ್ರನೆ ಸುತ್ತಿಸಿ ಸೊಂಟದ ಕೆಳಗಿನಿಂದ ಚೆಂಡು ಬಿಡಬೇಕು. ಸುತ್ತಿಸಿದ್ದೇನೋ ಭರ್ಜರಿಯಾಗಿತ್ತು! ಬಿಡುವುದು ಕೊಂಚ ತಡವಾಯಿತು, ಅಷ್ಟೇ. ಚೆಂಡು ಗಗನಯಾತ್ರೆ ಮುಗಿಸಿ ಎದುರು ಮನೆಯ ಅನ್ನಪೂರ್ಣಮ್ಮನವರ ಮಾಳಿಗೆಯಲ್ಲಿ ಒಣಗುತ್ತಿದ್ದ ಸಂಡಿಗೆಯ ಮೇಲೆ ಇಳಿಯಿತು. ಮುಂದಿನದು ಅವರ ಯಜಮಾನರು ಬಕ್ಕೇಶಪ್ಪನವರ ಸ್ಕೂಟರಿನ ಕನ್ನಡಿಗೆ ಅರ್ಪಿತವಾಯಿತು.

"ಅಪ್ಪಾಜಿ, ನಾನು ಇಲ್ಲಿದೀನಿ!" ಎಂದು ಮಗಳು ಕೂಗಿದಳು.

ಬಕ್ಕೇಶಪ್ಪನವರು ಹೊರಬಂದು ಕೈಮುಗಿದರು. "ಸಾರ್, ನಾಳೆ ಎಷ್ಟೊತ್ತಿಗೆ ಪ್ರಾಕ್ಟೀಸ್ ಐತೆ ಹೇಳಿಬಿಡ್ರಿ. ಗಾಡಿ ತಗಂಡು ಲೋಕಿಕೆರೆಗೆ ಹೋಗಿಬಿಡ್ತೀನಿ."

ಅಂದಿನಿಂದ ಕೀರ್ತನಾ ಬ್ಯಾಟನ್ನು ಗೋಡೆಗೆ ಒರಗಿಸಿದಳು. ಕೈಗೆ ಗ್ಲೌಸ್ ಹಾಕಿಕೊಂಡು, ಹಾರಿ, ಹೊರಳಿ, ನನ್ನ ಚೆಂಡುಗಳಿಂದ ಬೀದಿಯ ಕಿಟಕಿಗಳನ್ನು ಕಾಪಾಡುವುದೇ ಅವಳ ಅಭ್ಯಾಸವಾಯಿತು.

ಭಾನುವಾರ ಹರಿಹರದಲ್ಲಿ ಮಗಳ ಬ್ಯಾಟಿಗೆ ಒಂದು ಚೆಂಡೂ ತಾಗಲಿಲ್ಲ. ಅವಳು ನನ್ನತ್ತ ನೋಡಿದಳು. ನಾನು ನೆಲ ನೋಡಿದೆ. ಈ ವರ್ಷವೂ ಇವಳು ಊಟ ಬಿಡುವುದು ಖಚಿತ, ಈ ಸಲ ಅನ್ನಕ್ಕೆ ಮಣ್ಣು ಹಾಕಿದವನು ನಾನೇ ಎಂದುಕೊಂಡೆ.

ಕೊನೆಗೆ ಎಲ್ಲರನ್ನೂ ಸರದಿಯಂತೆ ಬ್ಯಾಟ್ ಮಾಡುವವರ ಹಿಂದೆ ಕೂರಿಸಿ ಚೆಂಡು ಹಿಡಿಸಿದರು. ದಿಕ್ಕು ತಪ್ಪಿದ ಚೆಂಡುಗಳಿಗೆ ಉಳಿದ ಹುಡುಗಿಯರು ಬೆಚ್ಚಿದರೆ, ನಮ್ಮವಳು ಹಾರಿ ಹಾರಿ ಹಿಡಿದಳು. ಕ್ಯಾಚರ್ ಆಗಿ ಆಯ್ಕೆಯಾದಳು!

"ಇಂಥ ಅಡ್ಡಾದಿಡ್ಡಿ ಚೆಂಡು ಹಿಡಿಯಾಕ ಯಾರಮ್ಮ ಕಲಿಸಿದ್ದು?" ಎಂದರು ಆಯ್ಕೆಗಾರರು. ಮಗಳು ಹೆಮ್ಮೆಯಿಂದ ನನ್ನನ್ನು ತೋರಿಸಿದಳು.

ಅವರು ನನ್ನ ಕೈಕುಲುಕಿದರು. "ಸಾರ್, ಬೇಕಂತಲೇ ಇಷ್ಟು ಕೆಟ್ಟದಾಗಿ ಎಸಿಯೋರು ಸಿಗಲ್ಲ. ನಮ್ ಕ್ಯಾಂಪಿಗೂ ಬರ್ರಿ."

ಬೇಕಂತಲೇ ಅಲ್ಲ ಎನ್ನುವ ಧೈರ್ಯ ನನಗಾಗಲಿಲ್ಲ. ಮನೆಗೆ ಬಂದು ಎದೆಯುಬ್ಬಿಸಿ ಸುದ್ದಿ ಹೇಳಿದೆ.

ನೇತ್ರಾವತಿ ಮಗಳ ಬಾಯಿಗೆ ಸಕ್ಕರೆ ಹಾಕಿ, ನನ್ನತ್ತ ತಿರುಗಿದಳು. "ಅಂತೂ ನಿಮ್ಮ ದಡ್ಡತನಾನೂ ಜಿಲ್ಲಾ ಮಟ್ಟಕ್ಕೆ ಸೆಲೆಕ್ಟ್ ಆತು ಬಿಡ್ರಿ!"